ಚೌರಪ್ಪನ ಪ್ರಾಯಶ್ಚಿತ್ತ

ಪೂಜ್ಯ ಇನ್ನಾಸಿ ಸ್ವಾಮಿಗಳು ಕಡೇಹಳ್ಳಿಯ ಪುಟ್ಟ ಕ್ರೈಸ್ತ ದೇವಾಲಯದಲ್ಲಿ ಸೇವೆಗಿದ್ದ ಕಾಲ. ದೇವಾಲಯದ ಹಿಂದಿನ ಮಣ್ಣುಗೋಡೆಯ ಕೋಣೆಯೇ ಅವರ ವಾಸ. ಒಂದು ಚಾಪೆ, ಒಂದು ಬಿಂದಿಗೆ, ಗೋಡೆಯ ಮೇಲೊಂದು ಶಿಲುಬೆ. ನಿಲುವಂಗಿಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರು. ಊರಿನ ಜನ ಸುಖಕ್ಕೂ ದುಃಖಕ್ಕೂ ಅವರ ಬಳಿಗೆ ಬರುತ್ತಿದ್ದರು.

ಬಾರದವನು ಚೌರಪ್ಪನೊಬ್ಬನೇ. ಪ್ರಾಯದಲ್ಲಿ, ಬಾವಿಯ ನೀರಿಗಾಗಿ ನಡೆದ ಜಗಳದಲ್ಲಿ, ಅವನು ಅಣ್ಣ ಆರೋಗ್ಯಪ್ಪನನ್ನು ಸಿಟ್ಟಿನಿಂದ ನೂಕಿಬಿಟ್ಟಿದ್ದ. ಬಿದ್ದ ಅಣ್ಣನ ಕಾಲು ಮುರಿದು, ಆತ ಶಾಶ್ವತವಾಗಿ ಕುಂಟುವಂತಾಯಿತು. ಅಣ್ಣ ಅದನ್ನು ಎಂದೋ ಮನಸ್ಸಿನಿಂದ ತೆಗೆದುಹಾಕಿದ್ದ. ತಮ್ಮನಿಗೆ ಆಗಲಿಲ್ಲ. ಅಣ್ಣ ಎದುರಾದರೆ ಬೇರೆ ದಾರಿ ಹಿಡಿಯುವನು. ತನ್ನ ಪಾಪಕ್ಕೆ ಬಾಯಿಮಾತಿನ ಕ್ಷಮೆ ಸಾಲದೆಂದು, ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೂ ಹೋಗನು; ಅದಿಲ್ಲದೆ ಪೂಜೆಯಲ್ಲಿ ಪರಮಪ್ರಸಾದವನ್ನೂ ಮುಟ್ಟನು. ಶುಕ್ರವಾರ ಬಂತೆಂದರೆ ತಲೆಯ ಮೇಲೆ ಕಲ್ಲು ಹೊತ್ತು ಊರಾಚೆಯ ಶಿಲುಬೆಗುಡ್ಡ ಹತ್ತಿ ಇಳಿಯುವುದು ಅವನು ತನಗೆ ತಾನೇ ವಿಧಿಸಿಕೊಂಡ ಶಿಕ್ಷೆ.

ಯೇಸುಸ್ವಾಮಿಯ ಪುನರುತ್ಥಾನದ ಪಾಸ್ಖ ಹಬ್ಬ ಕಳೆದ ಮೇಲಿನ ಶುಕ್ರವಾರ. ಮರುದಿನ ಆರೋಗ್ಯಪ್ಪನ ಮಗಳ ಮದುವೆ. ಅಣ್ಣನೇ ಮನೆಬಾಗಿಲಿಗೆ ಬಂದು ಕರೆದಿದ್ದ. ಚೌರಪ್ಪ ಒಳಗಿದ್ದೂ ಬಾಗಿಲು ತೆಗೆದಿರಲಿಲ್ಲ. ಆ ಸಂಕಟಕ್ಕೆ ಅಂದು ಇನ್ನೂ ದೊಡ್ಡ ಕಲ್ಲು ಹೊತ್ತು, ಏದುಸಿರು ಬಿಡುತ್ತ ಗುಡ್ಡದ ತುದಿ ಮುಟ್ಟಿದ. ಅಲ್ಲಿ ಶಿಲುಬೆಯ ಬುಡದಲ್ಲಿ ಸ್ವಾಮಿಗಳು ಕಳೆ ಕೀಳುತ್ತಿದ್ದರು.

"ಸ್ತೋತ್ರ, ಸ್ವಾಮಿ."

"ಬಾ ಚೌರಪ್ಪ. ಅದೇನಪ್ಪ ತಲೆ ಮೇಲೆ?"

"ನನ್ನ ಪಾಪದ ಭಾರ, ಸ್ವಾಮಿ. ಹೊತ್ತು ತೀರಿಸ್ತಿದ್ದೀನಿ."

ಸ್ವಾಮಿಗಳು ಮಣ್ಣು ಮೆತ್ತಿದ ಕೈಯಿಂದ ಶಿಲುಬೆಯನ್ನು ತೋರಿದರು.

"ಅದನ್ನ ಯೇಸುಸ್ವಾಮಿ ಆಗಲೇ ಹೊತ್ತಾಯ್ತಲ್ಲಪ್ಪ. ಅವರು ಹೊತ್ತದ್ದು ಸಾಲದೇನು ನಿನಗೆ?"

ಚೌರಪ್ಪ ಶಿಲುಬೆಯತ್ತ ನೋಡಲು ಹೋದ; ಕಲ್ಲಿನ ಭಾರಕ್ಕೆ ಕತ್ತು ಏಳಲಿಲ್ಲ. ಇಷ್ಟು ವರ್ಷ ಗುಡ್ಡ ಹತ್ತಿದ್ದ, ಆದರೆ ತಲೆಯ ಮೇಲೆ ಕಲ್ಲಿದ್ದವನು ಕತ್ತೆತ್ತಿ ಶಿಲುಬೆಯನ್ನು ನೋಡಿದ್ದಾದರೂ ಯಾವಾಗ! ಮೆಲ್ಲಗೆ ಕಲ್ಲನ್ನು ಕೆಳಗಿಳಿಸಿದ. ಸ್ವಾಮಿಗಳು ಅದರ ಧೂಳು ಕೊಡವಿ, ಮೇಲೆ ಕುಳಿತೇಬಿಟ್ಟರು.

"ಒಳ್ಳೇ ಕಲ್ಲು ತಂದಿದ್ದೀಯ. ನನ್ನ ಮಂಡಿನೋವಿಗೆ ಇಲ್ಲೊಂದು ಬೇಕಾಗಿತ್ತು."

ಚೌರಪ್ಪನಿಗೆ ತಡೆಯಲಾರದೆ ನಗು ಬಂತು. ನಗುತ್ತಲೇ ಅಳು ಒತ್ತರಿಸಿತು. ಅಲ್ಲೇ ಮೊಣಕಾಲೂರಿ ಎಲ್ಲವನ್ನೂ ಹೇಳಿಕೊಂಡ. ಸ್ವಾಮಿಗಳು ಕೈ ಎತ್ತಿ, ಅವನ ಮೇಲೆ ಶಿಲುಬೆಯ ಗುರುತು ಹಾಕಿ, ಪಾಪಕ್ಷಮೆಯ ವಾಕ್ಯಗಳನ್ನು ಉಚ್ಚರಿಸಿದರು.

"ಪ್ರಾಯಶ್ಚಿತ್ತಕ್ಕೆ ಏನು ಮಾಡ್ಲಿ ಸ್ವಾಮಿ?" ಗುಡ್ಡವನ್ನೇ ಹೊರು ಎಂದರೂ ಹೊರಲು ಅವನು ಸಿದ್ಧನಿದ್ದ.

"ನಾಳೆ ಅಣ್ಣನ ಹತ್ರ ತಪ್ಪಾಯ್ತು ಅನ್ನು. ಆಮೇಲೆ ಪಂಕ್ತೀಲಿ ಕೂತು ಉಣ್ಣು. ಅವನಾಗಿ ಸಾಕು ಅನ್ನೋವರೆಗೂ ಏಳಬೇಡ."

ಮರುದಿನ ಚಪ್ಪರದಲ್ಲಿ ಎಲ್ಲರೆದುರು ಚೌರಪ್ಪ ಬಾಗಿ ಅಣ್ಣನ ಆ ಕಾಲನ್ನೇ ಹಿಡಿದ. "ತಪ್ಪಾಯ್ತಣ್ಣ" ಎಂಬುದರ ಹೊರತು ಬೇರೆ ಮಾತು ಹೊರಡಲಿಲ್ಲ. ಆರೋಗ್ಯಪ್ಪ ಅವನನ್ನು ಎತ್ತಿ ಅಪ್ಪಿಕೊಂಡ. "ಬಂದ್ಯಲ್ಲ, ಅಷ್ಟು ಸಾಕು ಕಣೋ" ಎಂದು ಕೈಹಿಡಿದು ಎಲೆಯ ಮುಂದೆ ಕೂರಿಸಿ, ತಾನೇ ಹೋಳಿಗೆ ಬಡಿಸತೊಡಗಿದ. ಮೇಲಿಂದ ಮೇಲೆ ಬಡಿಸಿದ. ಚೌರಪ್ಪ ಬೆವರಿದ.

"ಅಣ್ಣ, ಸಾಕು ಅನ್ನಣ್ಣ!"

"ತಿನ್ನೋನು ನೀನು, ನಾನ್ಯಾಕೆ ಅನ್ಲಿ?"

"ನೀನು ಅಂದ್ರೇನೇ ನಾನು ಏಳೋದು. ಸ್ವಾಮಿಗಳ ಅಪ್ಪಣೆ."

ಆರೋಗ್ಯಪ್ಪ ಒಂದು ಕ್ಷಣ ತಮ್ಮನ ಮುಖ ನೋಡಿದ. ಆಮೇಲೆ ಪಕ್ಕದಲ್ಲೇ ಕುಳಿತು, ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಸುರಿದ. "ಹಾಗಿದ್ರೆ ನಾನು ಅನ್ನೋದೇ ಇಲ್ಲ ಬಿಡು!"

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದು ನಕ್ಕಿತು.

ಮರುದಿನ ಭಾನುವಾರದ ಪೂಜೆಯಲ್ಲಿ ಅಣ್ಣತಮ್ಮಂದಿರು ಅಕ್ಕಪಕ್ಕ ಮೊಣಕಾಲೂರಿದರು. ಎಷ್ಟೋ ವರ್ಷಗಳ ಮೇಲೆ, ಇನ್ನಾಸಿ ಸ್ವಾಮಿಗಳ ಪವಿತ್ರ ಹಸ್ತದಿಂದ, ಚೌರಪ್ಪ ಪರಮಪ್ರಸಾದ ಸ್ವೀಕರಿಸಿದ.