ಗವಿರಂಗ ವಾಟರ್ ಪಂಪು ಹಾಕಿದ್ದು

ನಗೋದಿದ್ರೆ ಈಗ್ಲೇ ನಕ್ಕುಬಿಡ್ರಪ್ಪಾ, ಕಡೇಲಿ ನಗು ಬರುತ್ತೋ ಇಲ್ವೋ ನಾ ಹೇಳಲಾರೆ. ಹುಳಿಯಾರಿನ ಹತ್ರ ಒಂದು ಹಟ್ಟಿ. ಆ ಹಟ್ಟೀಲಿ ಸಣ್ಣತಾಯಮ್ಮ ಅಂತ ಒಬ್ಬಳು. ಗಂಡ ಬಾಡಿಗೆ ಕಾರು ಓಡಿಸ್ತಾ ಓಡಿಸ್ತಾ ಒಂದಿನ ತೀರಿಕೊಂಡ. ಬಿಟ್ಟುಹೋದದ್ದು ಒಂದು ಹಳೇ ಅಂಬಾಸಿಡರ್ ಕಾರು, ಮತ್ತೆ ಗವಿರಂಗ ಅನ್ನೋ ಮಗ. ಆಳು ನೋಡಿದ್ರೆ ಕಂಬದ ಹಾಗೆ. ಸ್ಟೇರಿಂಗ್ ಕೈಗೆ ಕೊಟ್ರೆ ಅಪ್ಪನ ಹಾಗೇ ಓಡಿಸ್ತಿದ್ದ. ಆದ್ರೆ ಬುದ್ಧಿ? ಹೇಳಿದ್ದು ಹೇಳಿದಷ್ಟೇ. "ಹಾಲು ಉಕ್ಕುತ್ತೇನೋ ನೋಡ್ತಿರು" ಅಂದ್ರೆ ಉಕ್ಕಿ ಒಲೆ ಆರಿಹೋಗೋವರೆಗೂ ನೋಡ್ತಾನೇ ನಿಂತಿರೋನು.

"ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು ಶಿವನೇ!" ಅಂತ ಸಣ್ಣತಾಯಮ್ಮ ದಿನಾ ಅಳೋಳು.

ಹೀಗಿರುವಾಗ ಒಂದಿನ ಬೆಳಗ್ಗೆ ಫೋನು ಬಂತು. ಕಡೂರಿನ ಕಡೆ ಇದ್ದ ಅಕ್ಕನ ಮಗಳು ಮಂಗಳ ಮಾಡಿದ್ದು.

"ಚಿಕ್ಕವ್ವಾ, ಆಸ್ಪತ್ರೆಯೋರು ಇನ್ನಾಗಲ್ಲ ಅಂತ ಅವ್ವನ್ನ ಮನೆಗೆ ಕಳಿಸಿಬಿಟ್ರು. 'ಸಣ್ಣಿ ಬಂದ್ಲಾ, ಸಣ್ಣಿ ಬಂದ್ಲಾ' ಅಂತ ಒಂದೇ ಸಮ ಕೇಳ್ತಾವ್ಳೆ. ಬಂದುಬಿಡು!"

ಹೆತ್ತವ್ವ ಸತ್ತಾಗ ಸಣ್ಣತಾಯಮ್ಮನಿಗಿನ್ನೂ ಹಲ್ಲು ಬಂದಿರಲಿಲ್ಲ. ಸೊಂಟದ ಮೇಲೆ ಹೊತ್ತು ಸಾಕಿದೋಳು ಆ ಅಕ್ಕ. ಉಸಿರಿರೋವಾಗ ಒಂದ್ಸಲ ಮುಖ ನೋಡಬೇಕು. ಆದ್ರೆ ಹೋಗೋದು ಹೆಂಗೆ? ಸೊಂಟದ ಮೂಳೆ ಮುರಿದು ಜಗಲಿ ಹಿಡಿದಿದ್ಲು, ಬಸ್ಸು ಹತ್ತೋ ಹಂಗಿಲ್ಲ. ಲಗ್ನದ ಕಾಲ, ಸುತ್ತಮುತ್ತಲ ಕಾರೆಲ್ಲ ದಿಬ್ಬಣಕ್ಕೆ ಹೋಗಿದ್ವು, ಮೆಕ್ಯಾನಿಕ್ಕೂ ಊರಲ್ಲಿರಲಿಲ್ಲ. ಮನೆ ಮುಂದಿನ ಅಂಬಾಸಿಡರ್ ಒಂದೇ ದಿಕ್ಕು. ಅದರ ವಾಟರ್ ಪಂಪು ಸೋರಿ ಸೋರಿ, ಊರು ದಾಟೋದ್ರೊಳಗೆ ಎಂಜಿನ್ನು ಕುದಿಯೋದು.

ಗಂಡ ಪಂಪು ಬಿಚ್ಚುವಾಗೆಲ್ಲ ಸ್ಪ್ಯಾನರ್ ಎತ್ತಿಕೊಟ್ಟೋಳು ಇವಳೇ. ಜಗಲಿ ಮೇಲಿಂದಲೇ ಕೂಗಿದ್ಲು. "ರಂಗಾ, ಕೆಳಗಿನ ನಲ್ಲಿ ತಿರುವಿ ರೇಡಿಯೇಟರ್ ನೀರೆಲ್ಲ ಹೊರಕ್ಕೆ ಬಿಡು! ಬೆಲ್ಟು ಸಡಿಲಿಸು! ಫ್ಯಾನು ಬಿಚ್ಚು! ಪೈಪು ಕೀಳು! ಈಗ ಪಂಪಿನ ಬೋಲ್ಟು!" ಒಂದೊಂದಾಗಿ ಹೇಳಿದ್ಲು, ಒಂದೊಂದಾಗಿ ಮಾಡಿದ. ಪಂಪು ಕೈಗೆ ಬಂತು.

"ಭೇಷ್ ನನ್ನಪ್ಪ! ಹುಳಿಯಾರಿಗೆ ಹೋಗು. ಇದನ್ನ ತೋರಿಸಿ ಇಂಥದ್ದೇ ತಗೊಂಡು ಬಾ. ಚೂರೂ ಬೇರೆ ಥರ ಇರಬಾರದು, ತಿಳೀತಾ?"

"ತಿಳೀತವ್ವಾ!"

ಸೈಕಲ್ ತುಳಿದ. ಅಂಗಡಿಯೋನು ಥಳಥಳ ಅನ್ನೋ ಹೊಸ ಪಂಪು ಇಟ್ಟ. ಗವಿರಂಗ ಅದನ್ನ ತಿರುಗಿಸಿ ನೋಡಿದ, ಇದನ್ನ ತಿರುಗಿಸಿ ನೋಡಿದ. "ಇದು ಬ್ಯಾಡ. ನಮ್ಮದು ತುಕ್ಕು ಹಿಡಿದದೆ. ನಮ್ಮದು ಸೋರ್ತದೆ." ಅಂಗಡಿ ಅಂಗಡಿ ಅಲೆದ. ಕಡೆಗೆ ಗುಜರಿಯೋನ ರಾಶಿ ಕೆದಕಿ, ಅಂಥದ್ದೇ ತುಕ್ಕಿಂದು, ಅಂಥದ್ದೇ ಸೋರೋದು ಹುಡುಕಿ ತಂದ.

"ನೋಡವ್ವಾ! ಚೂರೂ ಬೇರೆ ಇಲ್ಲ!"

ಸಣ್ಣತಾಯಮ್ಮ ಹಣೆ ಚಚ್ಚಿಕೊಂಡ್ಲು. "ಅಯ್ಯೋ ನನ್ನ ಕರ್ಮವೇ! ಸೋರೋದನ್ನ ತೆಗೆದು ಸೋರೋದನ್ನೇ ಹಾಕ್ತಾರೇನೋ! ಹಳೇದು ಅಂದ್ರೆ ಎಸೀಬೇಕು ಕಣೋ! ಹೊಸದು ತಂದು ಹಾಕಬೇಕು!"

"ಹಳೇದು ಎಸೀಬೇಕು, ಹೊಸದು ಹಾಕಬೇಕು. ಆಯ್ತವ್ವಾ!"

ಅಷ್ಟರಲ್ಲಿ ಮಂಗಳನ ಫೋನು. "ಚಿಕ್ಕವ್ವಾ, ಹೊರಟ್ರಾ? ಅವ್ವ ಗಂಜಿ ಬ್ಯಾಡ ಅಂದ್ಲು. ಬಾಗಿಲ ಕಡೇನೇ ನೋಡ್ತಾವ್ಳೆ."

"ಬಂದೆ ಕಣವ್ವಾ, ಹೊರಟೆ ಅನ್ನು!" ಸುಳ್ಳು ಹೇಳಿ ಕಣ್ಣೊರೆಸಿಕೊಂಡ್ಲು.

ಈ ಸಲ ಗವಿರಂಗ ಹೊಸ ಪಂಪೇ ತಂದ. ಸಣ್ಣತಾಯಮ್ಮನಿಗೆ ಹೋದ ಜೀವ ಬಂದಂಗಾಯ್ತು. "ಇನ್ನು ಬೋಲ್ಟುಗಳ್ನ ತಗೊಂಡು ಬಾ, ಕೂಡಿಸುವಂತೆ."

"ಬೋಲ್ಟಾ? ಎಸೆದೆ."

"ಏನಂದೆ?"

"ಹಳೇವು ಕಣವ್ವ! ಬೋಲ್ಟು, ಬೆಲ್ಟು, ಫ್ಯಾನು, ಎಲ್ಲಾ ಹಳೇವು! ಹೋಗೋವಾಗ್ಲೇ ತಿಪ್ಪೇಲಿ ಎಸೆದು ಹೋದೆ!"

ಏನು ಮಾಡ್ತೀರಿ ಇಂಥೋನ್ನ? ಬೈದ್ಲು, ಬೈದು ಬೈದು ಗಂಟಲು ಕಟ್ಟಿತು. ಗವಿರಂಗ ಮೊಣಕಾಲುದ್ದ ತಿಪ್ಪೇಲಿ ಇಳಿದು ಸಗಣಿ ಬಗೆದ. ಹೊತ್ತು ನೆತ್ತಿಗೇರ್ತಾ ಬಂತು. ಒಂದೊಂದು ಬೋಲ್ಟು ಸಿಕ್ಕಾಗ್ಲೂ "ಸಿಕ್ತವ್ವಾ!" ಅಂತ ಕುಣಿಯೋನು. ಇವಳು ಜಗಲಿ ಮೇಲೆ ಕೂತು ಕಡೂರಿನ ದಿಕ್ಕು ನೋಡೋಳು.

"ಇನ್ನು ಮೇಲೆ ಕೇಳು. ಬಿಚ್ಚಿದ್ದು, ಕಿತ್ತದ್ದು, ಒಂದು ಚೂರೂ ಎಸೀಬಾರದು! ಎಲ್ಲಿತ್ತೋ ಅಲ್ಲಿಗೇ ಹಾಕಬೇಕು!"

"ಎಲ್ಲಿತ್ತೋ ಅಲ್ಲಿಗೇ. ಆಯ್ತವ್ವಾ!"

"ಮೊದ್ಲು ಪಂಪು ಕೂರೋ ಜಾಗದಲ್ಲಿ ನೀರು ಸೋರದ ಹಂಗೆ ನಡುವೆ ಹಾಕಿದ್ದ ಹಳೇ ಪ್ಯಾಕಿಂಗ್ ಕಾಗದ ಅಂಟಿಕೊಂಡಿರ್ತದೆ, ಚಾಕು ತಗೊಂಡು ಪೂರ್ತಿ ಕೆರಿ. ಆಮೇಲೆ ಪಂಪು ಕೂಡಿಸು."

ಗವಿರಂಗ ಕೆರೆದ. ಕಬ್ಬಿಣ ಹೊಳೆಯೋ ಹಂಗೆ ಕೆರೆದ. ಕೆರೆದ ಚೂರೆಲ್ಲ ಅಂಗೈಲಿ ಕೂಡಿಟ್ಟುಕೊಂಡ. ಆಮೇಲೆ ಗ್ರೀಸು ಹಚ್ಚಿ ಹಚ್ಚಿ, ಒಂದೊಂದು ಚೂರನ್ನೂ ಎಲ್ಲಿತ್ತೋ ಅಲ್ಲಿಗೇ ಅಂಟಿಸಿದ! ಮೇಲೆ ಪಂಪು ಕೂಡಿಸಿ ಬೋಲ್ಟು ಬಿಗಿದ, ಫ್ಯಾನು, ಬೆಲ್ಟು, ಪೈಪು ಎಲ್ಲ ಹಾಕಿದ, ಕೆಳಗಿನ ನಲ್ಲಿ ಮುಚ್ಚಿದ. ಜಗಲಿ ಮೇಲಿದ್ದೋಳಿಗೆ ಅವನ ಬೆನ್ನು ಬಿಟ್ರೆ ಏನೂ ಕಾಣಲಿಲ್ಲ. ನೀರು ಹುಯ್ದ. ಮೇಲಿಂದ ಹುಯ್ದದ್ದು ಕೆಳಗಿಂದ ದಳದಳ ಸುರೀತು.

"ಯಾಕೋ ಸುರೀತದೆ? ಹೊಸ ಪ್ಯಾಕಿಂಗ್ ಹಾಕಿದ್ಯೇನೋ?"

"ಪಂಪಿನ ಜೊತೆ ಬಂದಿದ್ದಾ? ಜೇಬಲ್ಲದೆ. ಅದು ಅಲ್ಲಿರಲಿಲ್ವಲ್ಲವ್ವ!"

ಸಣ್ಣತಾಯಮ್ಮ ಗೋಡೆಗೆ ತಲೆ ಆನಿಸಿದ್ಲು. ಫೋನು ಮತ್ತೆ ಹೊಡೆದುಕೊಳ್ತು. "ಚಿಕ್ಕವ್ವಾ, ಮಾತು ನಿಂತೋಯ್ತು. ಉಸಿರು ಮಾತ್ರ ಆಡ್ತದೆ."

"ಬಿಚ್ಚೋ!" ಅಂತ ಚೀರಿದ್ಲು. "ಎಲ್ಲಾ ಬಿಚ್ಚು, ಚೂರೆಲ್ಲ ಕೆರೆದು ಬಿಸಾಕು, ಜೇಬಲ್ಲಿರೋದನ್ನ ಹಾಕು! ನಿಮ್ಮ ದೊಡ್ಡವ್ವ ಹೋಗಿಬಿಡ್ತಾಳೆ ಕಣೋ!"

ದೊಡ್ಡವ್ವ ಅಂದ್ರೆ ಅವನಿಗೂ ಜೀವ. ತುಟಿ ಕಚ್ಚಿಕೊಂಡು, ಬೆವರು ಸುರಿಸ್ಕೊಂಡು, ಎಲ್ಲಾ ಬಿಚ್ಚಿ ಎಲ್ಲಾ ಹಾಕಿದ. ನೀರು ಹುಯ್ದ. ಎಂಜಿನ್ ಎಬ್ಬಿಸಿದ. ಇಬ್ಬರೂ ಎಂಜಿನ್ ಕೆಳಗೇ ನೋಡಿದ್ರು. ಒಂದು ತೊಟ್ಟೂ ಇಲ್ಲ!

ಗವಿರಂಗ ಅವ್ವನ್ನ ಕೂಸಿನ ಹಾಗೆ ಎತ್ತಿ ಮುಂದಿನ ಸೀಟಲ್ಲಿ ಕೂರಿಸಿದ. ಸಣ್ಣತಾಯಮ್ಮ ಅವನ ಗಲ್ಲ ಹಿಡಿದು, ಮಗ್ಗಿ ಹೇಳಿಕೊಟ್ಟಂಗೆ ನಿಧಾನವಾಗಿ ಹೇಳಿದ್ಲು. "ರಂಗಾ, ದಾರೀಲಿ ಕಣ್ಣು ಬಿಟ್ಕೊಂಡಿರು. ಒಂದು ಹನಿ ನೀರು ಸೋರೋದು ಕಂಡ್ರೂ ಅಲ್ಲೇ ಗಾಡಿ ನಿಲ್ಲಿಸಿ ಬೀಗದಕೈ ಕೀಳು. ಸೋರೋದು ನಿಲ್ಲೋವರೆಗೂ, ಯಾರೇ ಹೇಳ್ಲಿ, ನಾನೇ ಹೇಳ್ಲಿ, ಹೊರಡಬೇಡ. ಎಂಜಿನ್ನು ಸುಟ್ಟೋದ್ರೆ ನಮಗೆ ಬೇರೆ ದಾರಿ ಇಲ್ಲ."

"ನೀನೇ ಹೇಳಿದ್ರೂ ಹೊರಡಲ್ಲವ್ವಾ!"

ಕಾರು ಹೊರಟಿತು. ಎಷ್ಟು ಚೆನ್ನಾಗಿ ಓಡಿಸಿದ ಅಂತೀರಿ! ಗುಂಡಿ ತಪ್ಪಿಸಿ, ತಿರುವಲ್ಲಿ ಹಾರ್ನ್ ಹೊಡೆದು, ಅವ್ವನ ಸೊಂಟ ಅಲುಗದ ಹಂಗೆ. ಸಣ್ಣತಾಯಮ್ಮ ಮಗನ್ನ ನೋಡಿ, ಇಷ್ಟು ಸಾಕು ನನಗೆ ಅಂದುಕೊಂಡ್ಲು. ಅರ್ಧ ದಾರಿ ಕಳೆದಿತ್ತು. ಫೋನು ಬಂತು.

"ಹೋಗಿಬಿಟ್ಲು ಚಿಕ್ಕವ್ವಾ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡಬೇಕು, ಇಡೋಕಾಗಲ್ಲ ಅಂತಾವ್ರೆ ಹಿರೀಕರು. ಮುಖ ನೋಡೋದಾದ್ರೆ ಬೇಗ ಬಾ."

ಸಣ್ಣತಾಯಮ್ಮ ಫೋನು ಮಡಿಲಿಗೆ ಹಾಕಿದ್ಲು. ಬೆಳಗ್ಗಿಂದ ತಡೆದದ್ದೆಲ್ಲ ಕಣ್ಣಿಂದ ಇಳೀತು.

ಗವಿರಂಗ ತಿರುಗಿ ನೋಡಿದ. ಬ್ರೇಕ್ ಒತ್ತಿದ. ಗಾಡಿ ಬೇಲಿ ಪಕ್ಕ ನಿಂತಿತು. ಬೀಗದಕೈ ಕಿತ್ತು ಮುಷ್ಟೀಲಿ ಹಿಡಕೊಂಡ.

"ಯಾಕೋ ನಿಲ್ಲಿಸ್ದೆ? ನಡಿಯೋ!"

"ಸೋರ್ತಾ ಇದೀಯಲ್ಲವ್ವಾ."

"ಅದು ಕಾರಿಗೆ ಹೇಳಿದ್ದು ಕಣೋ! ನಡಿಯಪ್ಪಾ! ನಿನ್ನ ಕಾಲಿಗೆ ಬೀಳ್ತೀನಿ, ಮಣ್ಣು ಮಾಡಿಬಿಡ್ತಾರೆ!"

"'ನಾನೇ ಹೇಳಿದ್ರೂ ಹೊರಡಬೇಡ' ಅಂದಿದ್ಯಲ್ಲವ್ವಾ." ಅವನ ಕಣ್ಣಲ್ಲಿ ಭಯ. ಬೆಳಗ್ಗಿಂದ ತಪ್ಪೇ ಮಾಡಿದ್ದ, ಇದೊಂದನ್ನಾದ್ರೂ ಸರಿಯಾಗಿ ಮಾಡಬೇಕಿತ್ತು. "ಸುಟ್ಟೋಗ್ತೀಯ ಅವ್ವಾ. ಮೊದ್ಲು ನಿಲ್ಲಲಿ."

ಆ ಕಂಬದಂಥೋನ ಮುಷ್ಟಿ ಬಿಡಿಸೋ ಶಕ್ತಿ ಇವಳಿಗೆಲ್ಲಿಂದ ಬರಬೇಕು? ಸಣ್ಣತಾಯಮ್ಮ ಸೆರಗಿಂದ ಕಣ್ಣು ಒತ್ತಿ ಒತ್ತಿ ಒರೆಸಿಕೊಂಡ್ಲು. ಹಲ್ಲು ಕಚ್ಚಿದ್ಲು. ಮಗನ ಕಡೆ ತಿರುಗಿ, ಒಣಗಿದ ಮುಖ ತೋರಿಸಿದ್ಲು. ಅವನು ಬೀಗದಕೈ ಹಾಕಿ ಎಂಜಿನ್ ಎಬ್ಬಿಸಿದ. ಕಾರು ನಾಲ್ಕು ಮಾರು ಹೋಗಿರಬೇಕು, ಅಕ್ಕ ಕಣ್ಣ ಮುಂದೆ ಬಂದ್ಲು, ಕಣ್ಣೀರು ಮತ್ತೆ ಇಳೀತು. ಗವಿರಂಗ ಬ್ರೇಕ್ ಒತ್ತಿ ಬೀಗದಕೈ ಕಿತ್ತ.

"ಇನ್ನೂ ಸೋರ್ತದೆ ಅವ್ವಾ" ಅಂದ. ಹೊತ್ತು ಪಡುವಣಕ್ಕೆ ವಾಲ್ತಾ ಇತ್ತು.