ಅಜ್ಜಾರು ಮರೆತ ಸಾಲು

ಅಣೆಕಟ್ಟಿನ ಹಿನ್ನೀರು ಮೂರು ಊರು ನುಂಗಿತು. ಹೊಳೆದಂಡೆಯ ಮಠವನ್ನೂ ನುಂಗಿತು. ನೀರಿಗೆ ಊರು ಯಾವುದು, ಮಠ ಯಾವುದು ಅಂತ ಏನು ಗೊತ್ತು?

ಮ್ಯಾಲಿನೂರು, ನಡುವಿನೂರು, ತೆಗ್ಗಿನೂರು. ಮೂರೂ ಊರಿನವರನ್ನು ತಂದು ಗುಡ್ಡದ ಮೇಲಿನ ಹೊಸ ಕಾಲೋನಿಯಲ್ಲಿ ಸುರಿದರು. ಮಠದ ಅಜ್ಜಾರಿಗೂ ಒಂದು ತಗಡಿನ ಶೆಡ್ಡು ಸಿಕ್ಕಿತು. ಅವರ ಹಿಂದೆ ತಾಳ ಹಿಡಿದುಕೊಂಡು ಶಿಷ್ಯ ಗದಿಗೆಪ್ಪನೂ ಬಂದ.

ಅಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಮನುಷ್ಯರು ಮಾತ್ರ ಅಂಟಲಿಲ್ಲ. ನಲ್ಲಿಯ ಮುಂದೆ ಕೊಡಗಳು ಒಂದಕ್ಕೊಂದು ತಾಗಿ ನಿಲ್ಲುತ್ತಿದ್ದವು, ಅವುಗಳ ಒಡತಿಯರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ಅಷ್ಟರಲ್ಲಿ ಫಕೀರಪ್ಪ ಸತ್ತ.

ಜೀವಮಾನವೆಲ್ಲ ಮೂರೂ ಊರಿನವರನ್ನು ಹರಿಗೋಲಿನಲ್ಲಿ ಹೊಳೆ ದಾಟಿಸಿದವನು. ಮ್ಯಾಲಿನೂರಿನವರು ಅವನು ತೆಗ್ಗಿನೂರಿನವನು ಅಂದುಕೊಂಡರು. ತೆಗ್ಗಿನೂರಿನವರು ಅವನು ನಡುವಿನೂರಿನವನು ಅಂದುಕೊಂಡರು. ನಡುವಿನೂರಿನವರು, ಅವನ ಪೈಕಿಯವರು ಬರ್ತಾರೆ ಬಿಡು ಅಂದುಕೊಂಡರು.

ಹೆಗಲು ಕೊಡಲು ನಾಲ್ಕು ಜನ ಸಿಗಲಿಲ್ಲ. ಹೆಣ ಟ್ರ್ಯಾಕ್ಟರಿನಲ್ಲಿ ಹೋಯಿತು. ಹಿಂದೆ ಹೋದವರು ಅಜ್ಜಾರು, ಗದಿಗೆಪ್ಪ, ಮತ್ತು ಒಂದು ನಾಯಿ.

ಫಕೀರಪ್ಪನ ಹೆಂಡತಿ ಕಲ್ಲವ್ವ ಅಂದಿನಿಂದ ಬಾಗಿಲು ಹಾಕಿಕೊಂಡಳು. ಗದಿಗೆಪ್ಪ ಬೆಳಿಗ್ಗೆ ಹೊಸ್ತಿಲ ಮೇಲೆ ರೊಟ್ಟಿ ಇಟ್ಟು ಬರುತ್ತಿದ್ದ. ಸಂಜೆಗೆ ಹೋದರೆ ರೊಟ್ಟಿ ಅಲ್ಲೇ ಇರುತ್ತಿತ್ತು, ಒಣಗಿ ಸೆಟೆದುಕೊಂಡು.

"ಅಜ್ಜಾರ, ಹಿಂಗ ಆದ್ರ ಆಕಿ ಉಳಿಯಂಗಿಲ್ರಿ."

"ಹೌದಪಾ."

"ಹೌದಪಾ ಅಂದ್ರ ಹೆಂಗ್ರಿ? ಏನರೆ ಮಾಡ್ರಿ!"

"ನಿನ್ನೆ ಬಾಗಿಲಾ ಬಡದೆ. ಹೋಗ್ರಿ ಅಂದ್ಲು. ಬಂದೆ."

ಗದಿಗೆಪ್ಪ ನೆಲಕ್ಕೆ ಕುಸಿದು ಕುಳಿತ. "ಕಾಲನ ಕೆಟ್ಟು ಹೋತ್ರಿ. ನಮ್ಮ ದೇವರು ನೀರಾಗ ಉಳಕೊಂಡ ಅನಸ್ತೈತಿ."

"ಈಜು ಬರ್ತಿರಬೇಕು ಬಿಡು."

ಗದಿಗೆಪ್ಪನಿಗೆ ನಗು ಬರಲಿಲ್ಲ. ಅಜ್ಜಾರಿಗೂ ಬರಲಿಲ್ಲ, ಹೇಳಿದವರು ಅವರೇ ಆದರೂ.

"ಹಳೇ ಮಠದಾಗ ಸಂಜಿ ಭಜನಿಗೆ ಕುಂಡ್ರಾಕ ಜಾಗ ಇರತಿರಲಿಲ್ಲ," ಅಂದ ಗದಿಗೆಪ್ಪ. "ಎಲ್ಲಾರೂ ಮೊದಲಿನಂಗ ಕೂಡಿದ್ರ ಕಲ್ಲವ್ವನೂ ಹೊರಗ ಬಂದಾಳು. ಭಜನಿ ಅವರ ಕಿವಿಗೆ ಬೀಳಬೇಕ್ರಿ, ಅಷ್ಟ. ಬಿದ್ರ ಓಡಿ ಬರ್ತಾರ."

"ಹಂಗಂತೀ?"

"ಹಂಗ ಅಂತೀನಿ."

ಎಲೆಕ್ಷನ್ನಿನಲ್ಲಿ ಗೆದ್ದವರು ಯಾರೋ ಕಾಲೋನಿಯಲ್ಲಿ ಒಂದು ಮೈಕ್ ಸೆಟ್ ಮರೆತು ಹೋಗಿದ್ದರು. ಕಾಲೋನಿಯನ್ನೂ ಮರೆತಿದ್ದರು, ಅದು ಬೇರೆ ಮಾತು. ಗದಿಗೆಪ್ಪ ಅದನ್ನು ಹೊತ್ತು ತಂದು, ಕಂಬ ಹತ್ತಿ, ಹಾರ್ನ್ ಕಟ್ಟಿದ. ಇಳಿಯುವಾಗ ಧೋತರ ಹರಿದುಕೊಂಡ.

ಸಂಜೆ ಅಜ್ಜಾರು ಹಾಡಿದರು. ದನಿ ಗುಡ್ಡ ದಾಟಿ ಹಿನ್ನೀರಿನವರೆಗೂ ಹೋಯಿತು.

ಒಂದು ನರಪಿಳ್ಳೆಯೂ ಬರಲಿಲ್ಲ.

ಮರುದಿನವೂ ಇಲ್ಲ. ಗದಿಗೆಪ್ಪ ತಡೆಯಲಾಗದೆ ಮನೆ ಮನೆಗೆ ಹೊರಟ.

ತೆಗ್ಗಿನೂರಿನ ದ್ಯಾಮಕ್ಕ ರೊಟ್ಟಿ ಬಡಿಯುತ್ತಿದ್ದಳು. "ಬರೋದ್ಯಾಕೋ ತಮ್ಮಾ? ಒಲಿ ಮುಂದ ಕುಂತ್ರೂ ಛಲೋ ಕೇಳಸ್ತೈತಿ. ಇನ್ನೊಂಚೂರು ಜೋರು ಇಡು."

ಮ್ಯಾಲಿನೂರಿನ ಸಿದ್ರಾಮಣ್ಣ ಹೊರಸಿನ ಮೇಲೆ ಮಲಗಿಯೇ ಕೈ ಎತ್ತಿದ. "ಆ ಹಾರ್ನ್ ನಮ್ಮ ಮನಿ ಕಡೆ ತಿರುವಪಾ, ಪುಣ್ಯ ಬರ್ತೈತಿ."

ಗದಿಗೆಪ್ಪ ತಲೆ ಮೇಲೆ ಕೈ ಹೊತ್ತು ವಾಪಸಾದ.

"ಅಜ್ಜಾರ, ನಂದು ತಪ್ಪಾತ್ರಿ. ಮೊದಲು ಬರತಿರಲಿಲ್ಲ. ಈಗ ಬರೋ ಗರಜೂ ಇಲ್ಲದಂಗ ಮಾಡಿದೆ. ಕಿತ್ತು ಒಗೀಲೇನ್ರಿ?"

"ಇರಲಿ ಬಿಡು. ಧೋತರ ಹರಕೊಂಡು ಕಟ್ಟೀದಿ."

ಮರುದಿನ ಸಂಜೆ ಅಜ್ಜಾರು ಹರಿಗೋಲಿನ ಹಾಡು ತೆಗೆದರು. ಆ ಹೊಳೆಯ ದಂಡೆಯಲ್ಲಿ ಅದು ಬಾರದವರಿರಲಿಲ್ಲ.

"ಹರಿಗೋಲು ನನದಲ್ಲ, ಹೊಳೆನೀರು ನನದಲ್ಲ..."

ನಿಲ್ಲಿಸಿದರು. ಹಾರ್ನ್ ಗುಂಯ್ ಅಂದಿತು.

"ಹೊಳೆನೀರು ನನದಲ್ಲ..." ಮತ್ತೆ ನಿಲ್ಲಿಸಿದರು. ಕೆಮ್ಮಿದರು. "ಮುಂದ ಏನೋ ಅದು? ಗದಿಗೆಪ್ಪಾ, ನಿನಗ ನೆನಪೈತೇನು?"

ಗದಿಗೆಪ್ಪ ಹೇಳಲು ಬಾಯಿ ತೆರೆದ. ಅಜ್ಜಾರು ಅದರೊಳಗೆ ಒಂದು ಬೆಲ್ಲದ ಹೆಂಟೆ ತುರುಕಿದರು.

ಕಾಲೋನಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಯಾವುದೋ ಕಿಟಕಿಯಿಂದ ಯಾರೋ ಮುಂದಿನ ಸಾಲು ಕೂಗಿದರು.

ಅಜ್ಜಾರು ಮೈಕಿನಲ್ಲೇ ಹೇಳಿದರು, "ಕೇಳಸವಲ್ದಪಾ. ಕಿವಿ ಮಂದ ಆಗ್ಯಾವು."

ಮತ್ತೆ ಶುರು. ಮತ್ತೆ ಅಲ್ಲಿಗೇ ನಿಂತಿತು. ಅಂಗಾಲಿಗೆ ಮುಳ್ಳು ಮುರಿದಂತೆ ಇಡೀ ಕಾಲೋನಿ ಚಡಪಡಿಸಿತು.

ಮೊದಲು ಬಂದವಳು ದ್ಯಾಮಕ್ಕ. ಒಂದು ಕೈಯೆಲ್ಲ ಹಿಟ್ಟು, ಇನ್ನೊಂದು ಕೈಯಲ್ಲಿ ಬಿಸಿ ರೊಟ್ಟಿ. ಕೆಳಗಿಡುವುದನ್ನೂ ಮರೆತು ಬಂದಿದ್ದಳು.

"ಅಜ್ಜಾರ, ಜೀವಾ ತಿಂತೀರಲ್ರಿ! 'ದಾಟಿಸುವ ಕೈಯೊಂದು ನನದೇನೊ ಗುರುವೆ.' ಹಾಡ್ರಿ!"

"ಎಲ್ಲೀದು ತಗೀ!" ಹಿಂದಿನಿಂದ ಸಿದ್ರಾಮಣ್ಣ. "'ದಾಟಿ ಸೇರುವ ದಡವು ನನದೇನೊ ಗುರುವೆ.' ಹುಟ್ಟಿದಾಗಿಂದ ಕೇಳೀನಿ."

ನಡುವಿನೂರಿನವರೂ ಬಂದರು. ಅವರದು ಇನ್ನೊಂದು ಸಾಲು. ಶೆಡ್ಡು ತುಂಬಿತು. ಕಾಲೋನಿಗೆ ಬಂದ ಮೇಲೆ ಮೂರೂ ಊರಿನವರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು, ಜಗಳಕ್ಕೆ.

"ನಿಮ್ಮೂರಾಗ ಹೊಳಿ ಮೊಣಕಾಲುದ್ದ. ನಿಮಗೇನ್ ಗೊತ್ತು ಹರಿಗೋಲು?"

"ನಿಮ್ಮವರು ಹರಿಗೋಲಾಗ ಕುಂತ್ರ ಕಣ್ಣು ಮುಚ್ಚಿಕೊಂಡು ಅಳತಿದ್ರು. ಹಾಡು ಎಲ್ಲಿ ಕೇಳಬೇಕು?"

ನಗು ಎದ್ದಿತು. ಮೈಕ್ ಹಚ್ಚಿಯೇ ಇತ್ತು. ಎಲ್ಲವೂ ಕಾಲೋನಿಗೆಲ್ಲ ಕೇಳುತ್ತಿತ್ತು.

"ನಿಮಗ ಕಲಿಸಿದವರರೆ ಯಾರು?" ಕೇಳಿದಳು ದ್ಯಾಮಕ್ಕ.

"ಫಕೀರಪ್ಪ," ಅಂದ ಸಿದ್ರಾಮಣ್ಣ. "ಹುಟ್ಟು ಹಾಕೋವಾಗ ಹಾಡತಿದ್ನಲ್ಲ."

"ನಮಗೂ ಅವನ ಕಲಿಸಿದ್ದು!"

"ನಮಗೂ."

ಸಿದ್ರಾಮಣ್ಣನ ನಗು ಅರ್ಧಕ್ಕೆ ನಿಂತಿತು. "ಅವ ನಿಮ್ಮೂರಿನವ ಅಲ್ಲೇನು?"

ದ್ಯಾಮಕ್ಕ ನಡುವಿನೂರಿನವರ ಕಡೆ ತಿರುಗಿದಳು. "ನಾವು ನಿಮ್ಮೂರಿನವ ಅಂತ..."

ಹಾರ್ನ್ ಒಂದೇ ಗುಂಯ್ ಅನ್ನುತ್ತಿತ್ತು.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ಒಣ ದನಿ ಬಂತು.

"ಯಾರದೂ ಸರಿ ಇಲ್ಲ."

ಕಲ್ಲವ್ವ ಗೋಡೆ ಹಿಡಿದು ನಿಂತಿದ್ದಳು. ಜನ ಸರಿದು ದಾರಿ ಬಿಟ್ಟರು.

"ಅವ ಸಾಲು ಮರೀತಿದ್ದ," ಅಂದಳು. "ಮರೆತಾಗೆಲ್ಲಾ ಹೊಸದು ಕಟ್ಟತಿದ್ದ. ನಿಮಗೆಲ್ಲಾ ಒಂದೊಂದು ಸುಳ್ಳು ಸಾಲು ಕಲಿಸಿ ಮನಿಗೆ ಬಂದು ನಗತಿದ್ದ."

"ಹಂಗಾರ ಖರೇದು ಯಾವುದವ್ವಾ?" ಅಜ್ಜಾರು ಕೇಳಿದರು.

ಕಲ್ಲವ್ವ ಮೈಕ್ ಹತ್ತಿರ ಕುಳಿತಳು. ಅದನ್ನು ತನ್ನ ಕಡೆ ಎಳೆದುಕೊಂಡಳು.

"ಕೂಡಿ ಕುಂತ ಹೊತ್ತೊಂದೆ ನನದಾತೊ ಗುರುವೆ."

ಸಿದ್ರಾಮಣ್ಣ ಅವಳ ಮುಂದೆ ಕೈ ಮುಗಿದ. "ತಂಗೀ, ಅವತ್ತು ನಾವು..."

"ಮೊದಲು ಹಾಡ್ರಿ," ಅಂದಳು ಕಲ್ಲವ್ವ. "ಆಮ್ಯಾಲ ನಿಮ್ಮನ್ನ ಬೈತೀನಿ. ಭಾಳ ಬೈಯೋದೈತಿ."

ಹಾಡಿದರು. ದ್ಯಾಮಕ್ಕ ಕೈಯಲ್ಲಿದ್ದ ರೊಟ್ಟಿಯನ್ನು ಅವಳ ಉಡಿಗೆ ಹಾಕಿದಳು. ಹಾಡು ಮುಗಿಯುವಷ್ಟರಲ್ಲಿ ಕಲ್ಲವ್ವ ಅರ್ಧ ತಿಂದಿದ್ದಳು. ಆಮೇಲೆ ಹೇಳಿದಂತೆ ಬೈದಳು, ಒಬ್ಬೊಬ್ಬರನ್ನೂ ಹೆಸರು ಹಿಡಿದು. ಎಲ್ಲರೂ ತಲೆ ಬಗ್ಗಿಸಿ ಕೇಳಿದರು. ಎದ್ದು ಹೋಗುವಾಗ ದ್ಯಾಮಕ್ಕ ಅವಳ ಕೈ ಹಿಡಿದುಕೊಂಡೇ ಹೋದಳು.

ಶೆಡ್ಡು ಖಾಲಿಯಾಯಿತು. ಗದಿಗೆಪ್ಪ ಮೈಕಿನ ವಾಯರು ಸುತ್ತುತ್ತ ಗುರುವನ್ನು ಓರೆಗಣ್ಣಿನಲ್ಲಿ ನೋಡಿದ.

"ಅಜ್ಜಾರ, ಮಠದವರು ಸುಳ್ಳು ಹೇಳಬಾರದ್ರಿ. ನಿಮಗ ಆ ಸಾಲು ಬರತಿತ್ತು."

"ನನಗ ಬರತಿದ್ದದ್ದು ಒಂದು. ಇವತ್ತು ನಾಲ್ಕು ಬಂದ್ವು."

"ಆದ್ರೂ ಮರೆತಂಗ ನಾಟಕ ಮಾಡಿದ್ರಲ್ರಿ!"

ಅಜ್ಜಾರು ಚಾಪೆ ಮಡಚಿ ಗೋಡೆಗೆ ಒರಗಿಸಿದರು.

"ಅದಿರಲಿ. ನಾಳೆ ಯಾವುದು ಮರೀಲಿ, ಹೇಳು."