ಹುಳಿಗಂಜಿಯ ಚಂದಾ

ದ್ಯಾವಮ್ಮನ ಹುಳಿಗಂಜಿ ಮಡಕೆಯನ್ನ ಹೊಸ ಸೊಸೆ ಬಿಸಿನೀರು, ಸೋಪಿನಪುಡಿ ಹಾಕಿ ತಿಕ್ಕಿಬಿಟ್ಳು. ಆ ಮಡಕೆಯನ್ನ ಹಾಗೆ ತೊಳೀಲೇಬಾರ್ದು. ಅನ್ನದ ಗಂಜಿಗೆ ಹುಳಿ ಬರಿಸೋ ಸೂಕ್ಷ್ಮಾಣುಗಳು ಇರೋದೇ ಅದರೊಳಗೆ. ಎಲ್ಲಾ ಸತ್ತು, ಸೌಟಿಗೆ ಅಂಟಿಕೊಂಡಿದ್ದ ಒಂದು ಮಾತ್ರ ಉಳೀತು. ಅದೊಂದರಿಂದ ಗಂಜಿ ಬರೀ ಕಹಿಯಾಯ್ತು.

"ನನ್ನ ಜೊತೆ ಯಾರ್ಯಾರಿದ್ರು ಅಂತ ಗೊತ್ತಾದ್ರೆ ಹುಡುಕಿ ಕರ್ಕೊಂಡು ಬರ್ತೀನಿ" ಅಂತ ಅದು ಕಾಲೇಜು ಲೈಬ್ರರಿಗೆ ಹೋಯ್ತು. ಹಿಂದೆ ಯಾರೋ ಸಂಶೋಧಕರು ದ್ಯಾವಮ್ಮನ ಹತ್ರ ಒಂದು ಸೌಟು ಗಂಜಿ ಇಸ್ಕೊಂಡು, ಅದರಲ್ಲಿದ್ದೋರ ಹೆಸರೆಲ್ಲ ಒಂದು ಜರ್ನಲ್‌ನಲ್ಲಿ ಬರೆದಿದ್ರು. ಆ ಜರ್ನಲ್ ಕಂಪ್ಯೂಟರ್ ಪರದೆ ಮೇಲೆ ಬೀಗ ಹಾಕ್ಕೊಂಡು ಕೂತಿತ್ತು.

"ಚಂದಾ ಕಟ್ಟಿದ್ದೀಯಾ?" ಅಂತು ಜರ್ನಲ್.

"ಸ್ವಾಮಿ, ನಾನು ಕೇಳ್ತಿರೋದು ನಮ್ಮ ಮನೆಯವರ ಹೆಸರು!"

"ಹೆಸರು ನಿಮ್ಮದು, ಪುಟ ನಂದು. ನನ್ನ ಚಂದಾ ಕಟ್ಟೋಕಾಗ್ದೆ ಈ ಲೈಬ್ರರಿಯೇ ಕೈಬಿಟ್ಟಿದೆ. ನೀನ್ಯಾವ ಲೆಕ್ಕ?"

ಸೂಕ್ಷ್ಮಾಣು ಬರಿಗೈಲಿ ಮನೆಗೆ ವಾಪಸ್ ಬಂತು.

ಅಲ್ಲಿ ಸೊಸೆ ಅಳ್ತಾ ಕೂತಿದ್ಳು. ಪಕ್ಕದ ಮನೆ ಚಿಕ್ಕತಾಯಮ್ಮ ಚೊಂಬು ಹಿಡ್ಕೊಂಡು ಬಂದ್ಳು. "ಅಳ್ಬೇಡ ಕಣವ್ವ. ಹೋದ ವರ್ಷ ನಿಮ್ಮತ್ತೆ ಕೊಟ್ಟ ಗಂಜೀಲೇ ಹುಳಿ ಬರಿಸ್ಕೊಂಡು ಬಂದಿರೋದು ಇದು" ಅಂತ ಮಡಕೆಗೆ ಸುರಿದ್ಳು.

ಗಂಜಿ ಜೊತೆ ಹಳೇ ನೆಂಟರೆಲ್ಲ ಬಂದಿಳಿದ್ರು. "ಎಲ್ಲಿಗೋಗಿದ್ಯೋ?" ಅಂತ ಮುತ್ಕೊಂಡ್ರು.

ಸೂಕ್ಷ್ಮಾಣು ಕೇಳ್ತು, "ಒಳಗೆ ಬರೋಕೆ ಚಂದಾ ಎಷ್ಟು ಕಟ್ಟಿದ್ರಿ?"

ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು.

"ಚಂದಾ ಅಂದ್ರೇನೋ?"